ಮೊಳ ಮತ್ತು ಆಳು: ಸಹಸಂಬಂಧ ಕಲ್ಪನೆಯ ಚರಿತ್ರೆಯಲ್ಲಿ ಒಂದು ಅಧ್ಯಾಯ

1. ಪೀಠಿಕೆ

ದೊಡ್ಡಬಳ್ಳಾಪುರ ತಾಲ್ಲೂಕಿನ ತೂಬಗೆರೆ ಹೋಬಳಿಗೆ ಸೇರಿದ ಘಾಟಿ ಸುಬ್ರಹ್ಮಣ್ಯ ಕ್ಷೇತ್ರದಲ್ಲಿ ಜಾತ್ರೆಯ ದಿನಗಳಲ್ಲಿ ಹೂವು ಮಾರುವವರ ಸಾಲನ್ನು ಕಂಡವರಿಗೆ ಮೊಳವೆಂಬ ಅಳತೆಯನ್ನು ಹೊಸದಾಗಿ ಪರಿಚಯ ಮಾಡಿಕೊಡಬೇಕಾಗಿಲ್ಲ. ಹೂವಾಡಗಿತ್ತಿಯು ಮಾಲೆಯ ಒಂದು ತುದಿಯನ್ನು ನಡುಬೆರಳಿನ ಕೊನೆಯಲ್ಲಿ ಹಿಡಿದು ಮೊಳಕೈವರೆಗೆ ಎಳೆದು ಅಳೆಯುತ್ತಾಳೆ. ಆ ಮೊಳವು ಅವಳ ಕೈಯ ಮೊಳ. ಮಗ್ಗುಲಲ್ಲಿ ಕುಳಿತವಳ ಮೊಳ ಬೇರೆ. ಎತ್ತರವಾಗಿರುವವಳ ಹತ್ತಿರ ಕೊಂಡರೆ ನಾಲ್ಕು ಹೂವು ಹೆಚ್ಚಾಗಿ ಬರುತ್ತದೆಂಬ ಎಣಿಕೆ ಕೊಳ್ಳುವವರ ಮನಸ್ಸಿನಲ್ಲಿ ಇಲ್ಲದಿಲ್ಲ. ತಾಲ್ಲೂಕಿನ ಮುಖ್ಯ ಪಟ್ಟಣವಾದ ದೊಡ್ಡಬಳ್ಳಾಪುರವಾದರೋ ನೇಯ್ಗೆಗೆ ಹೆಸರಾದ ಊರು. ಹದಿನೆಂಟು ಮೊಳದ ಸೀರೆ ಎಂದು ಹೇಳುವಾಗ ಅಲ್ಲಿ ಮೊಳವೆಂದರೆ ಅರ್ಧ ಗಜ, ಎಂದರೆ 18 ಅಂಗುಲವೆಂದು ನಿಂತುಹೋಗಿದೆ. ಬಾವಿಯ ನೀರನ್ನು ‘ಎರಡಾಳು’, ‘ಮೂರಾಳು’ ಎಂದು ಹೇಳುವ ರೂಢಿಯೂ ನಮ್ಮ ಹಳ್ಳಿಗಳಲ್ಲಿ ಹಳೆಯದು. 1956ರ ತೂಕ ಮತ್ತು ಅಳತೆಗಳ ಕಾನೂನು ಮೀಟರನ್ನು ತಂದಮೇಲೂ ಹೂವಿನ ಅಂಗಡಿಯಿಂದ ಮೊಳ ಹೋಗಲಿಲ್ಲ.

ಹೀಗೆ ನಮ್ಮ ನಿತ್ಯವ್ಯವಹಾರದಲ್ಲಿ ಮನುಷ್ಯದೇಹದ ಎರಡು ಅಳತೆಗಳು ಮೊದಲಿನಿಂದಲೂ ಜೊತೆಯಾಗಿ ನಡೆದು ಬಂದಿವೆ: ಒಂದು ಮೊಳ, ಇನ್ನೊಂದು ಆಳು. ಇವೆರಡಕ್ಕೂ ಇರುವ ಸಂಬಂಧವೇನು? ಒಬ್ಬನ ಮೊಳ ಗೊತ್ತಾದರೆ ಅವನ ಎತ್ತರವನ್ನು ಹೇಳಬಹುದೆ? ಹೇಳಬಹುದಾದರೆ ಎಷ್ಟು ನಂಬಿಕೆಯಿಂದ? ನೋಡುವುದಕ್ಕೆ ಅಲ್ಪವಾಗಿ ಕಾಣುವ ಈ ಪ್ರಶ್ನೆಯಿಂದಲೇ 1888ರಲ್ಲಿ ಸಹಸಂಬಂಧವೆಂಬ ಕಲ್ಪನೆ ಸಂಖ್ಯಾಶಾಸ್ತ್ರದಲ್ಲಿ ಅಂಕಿಯ ರೂಪವನ್ನು ಪಡೆಯಿತು. ಆ ಕಲ್ಪನೆ ಹುಟ್ಟಿದ ಬಗೆಯನ್ನೂ, ಅದು ಭಾರತಕ್ಕೆ ಬಂದು ಇಲ್ಲಿ ಎದುರಿಸಿದ ಪರೀಕ್ಷೆಯನ್ನೂ ಪ್ರಕೃತ ಲೇಖನದಲ್ಲಿ ವಿಚಾರ ಮಾಡಲು ಹೊರಟಿದ್ದೇವೆ. ನಾವು ಮುಖ್ಯವಾಗಿ ತೋರಿಸಬೇಕೆಂದಿರುವುದು ಇಷ್ಟು: ದೇಹದ ಎರಡು ಅಳತೆಗಳ ನಡುವೆ ಇರುವುದು ಕಟ್ಟುನಿಟ್ಟಾದ ಅನುಪಾತವಲ್ಲ, ಅದು ಒಂದು ಸಮುದಾಯದಲ್ಲಿ, ಇಂತಿಷ್ಟು ಅನಿಶ್ಚಯದೊಡನೆ, ಒಂದೊಂದು ದಿಕ್ಕಿಗೆ ಒಂದೊಂದು ರೀತಿಯಾಗಿ ನಿಲ್ಲುವ ಸಂಬಂಧ. ಇದನ್ನು ಮರೆತಾಗಲೆಲ್ಲ ವಿಜ್ಞಾನದ ಹೆಸರಿನಲ್ಲಿ ಮನುಷ್ಯರಿಗೆ ಅನ್ಯಾಯವಾಗಿದೆ.

2. ಅನುಪಾತದ ಯುಗ

ದೇಹವು ಎಂಟು ಗೇಣು ಎಂಬ ಮಾತು ಕನ್ನಡದಲ್ಲಿ ಬಹಳ ಹಿಂದಿನಿಂದ ಬಳಕೆಯಲ್ಲಿದೆ. ಹನ್ನೆರಡು ಬೆರಳಗಲಕ್ಕೆ ಒಂದು ಗೇಣು, ಎರಡು ಗೇಣಿಗೆ ಒಂದು ಮೊಳ ಎಂಬ ಲೆಕ್ಕದಲ್ಲಿ ಎಂಟು ಗೇಣೆಂದರೆ ನಾಲ್ಕು ಮೊಳ, ಎಂದರೆ 96 ಬೆರಳು. ಕೌಟಿಲ್ಯನ ಅರ್ಥಶಾಸ್ತ್ರದ ಮಾನಪ್ರಕರಣದಲ್ಲಿಯೂ ಹನ್ನೆರಡು ಅಂಗುಲಕ್ಕೆ ವಿತಸ್ತಿ, ಎರಡು ವಿತಸ್ತಿಗೆ ಅರತ್ನಿ, ನಾಲ್ಕು ಅರತ್ನಿಗೆ ದಂಡ ಎಂಬ ಕ್ರಮವೇ ಇದೆ. ರೋಮನ್ ವಾಸ್ತುಶಾಸ್ತ್ರಜ್ಞನಾದ ವಿಟ್ರುವಿಯಸ್ಸನು ಕೂಡ ಮೊಳವು ಮನುಷ್ಯನ ಎತ್ತರದ ನಾಲ್ಕನೆಯ ಒಂದು ಭಾಗವೆಂದು ಬರೆದಿದ್ದಾನೆ. ಒಂದಕ್ಕೊಂದು ದೂರವಾದ ನಾಡುಗಳಲ್ಲಿ ಒಂದೇ ಸೂತ್ರ ಕಾಣಬರುವುದು ಗಮನಿಸತಕ್ಕ ಸಂಗತಿ.

ಶಿಲ್ಪಿಗಳಿಗೆ ಇಂಥ ಸೂತ್ರ ಅನಿವಾರ್ಯವಾಗಿತ್ತು. ನವತಾಲದ ಪ್ರತಿಮೆಗೆ 108 ಅಂಗುಲ, ದಶತಾಲದ ಪ್ರತಿಮೆಗೆ 120 ಅಂಗುಲ ಎಂದು ನಿಯಮಿಸಿ, ಮುಖ, ಎದೆ, ತೊಡೆ, ಮೊಣಕಾಲು ಇವುಗಳಿಗೆ ಇಷ್ಟಿಷ್ಟೆಂದು ಹಂಚಿಕೊಟ್ಟರೆ ಯಾವ ಗಾತ್ರದ ಕಲ್ಲಿನಲ್ಲಿಯೂ ಪ್ರಮಾಣಬದ್ಧವಾದ ಮೂರ್ತಿಯನ್ನು ಬಿಡಿಸಬಹುದು. ಅಲ್ಲಿ ಅನುಪಾತವು ಕಂಡದ್ದರ ವರ್ಣನೆಯಲ್ಲ, ಮಾಡಬೇಕಾದದ್ದರ ವಿಧಿ. ಆದರೆ ಜೀವಂತ ಮನುಷ್ಯರು ವಿಧಿಯನ್ನು ಅನುಸರಿಸುವುದಿಲ್ಲವೆಂಬುದು ನಮ್ಮ ಪ್ರಾಚೀನರಿಗೆ ತಿಳಿಯದೆ ಇರಲಿಲ್ಲ. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಪುರುಷಲಕ್ಷಣವನ್ನು ಹೇಳುವಾಗ, ಅವರವರ ಅಂಗುಲದಿಂದಲೇ ಅಳೆದರೆ ಉತ್ತಮನು 108, ಮಧ್ಯಮನು 96, ಹೀನನು 84 ಅಂಗುಲ ಎಂದು ಮೂರು ವರ್ಗಗಳನ್ನು ಮಾಡಿದ್ದಾನೆ. ಅಂಗುಲಕ್ಕೂ ಎತ್ತರಕ್ಕೂ ಇರುವ ಅನುಪಾತ ಎಲ್ಲರಲ್ಲಿಯೂ ಒಂದೇ ಅಲ್ಲವೆಂಬ ಅರಿವು ಇಲ್ಲಿ ಸ್ಪಷ್ಟವಾಗಿದೆ. ಆದರೆ ಆ ವ್ಯತ್ಯಾಸವನ್ನು ಗುಣದೋಷಗಳ ತಾರತಮ್ಯವನ್ನಾಗಿ ಎಣಿಸಲಾಯಿತೇ ಹೊರತು ಅಳೆಯಬೇಕಾದ ವಸ್ತುವನ್ನಾಗಿ ಎಣಿಸಲಿಲ್ಲ. ವ್ಯತ್ಯಾಸವನ್ನೇ ಅಳೆಯಬೇಕೆಂಬ ಬುದ್ಧಿ ಹುಟ್ಟಲು ಹತ್ತೊಂಬತ್ತನೆಯ ಶತಮಾನದವರೆಗೆ ಕಾಯಬೇಕಾಯಿತು.

3. ಗಾಲ್ಟನ್ನನ ಮೊಳ

ಫ್ರಾನ್ಸಿಸ್ ಗಾಲ್ಟನ್ನನು ಮೊದಲು ತೊಡಗಿದ್ದು ಆನುವಂಶಿಕತೆಯ ಪ್ರಶ್ನೆಯಲ್ಲಿ. ಪರಿಮಳದ ಬಟಾಣಿಯ ಬೀಜಗಳನ್ನು ಗಾತ್ರಕ್ಕನುಸಾರವಾಗಿ ವಿಂಗಡಿಸಿ ಸ್ನೇಹಿತರಿಗೆ ಹಂಚಿ ಬೆಳೆಸಿ ನೋಡಿದಾಗ, ದೊಡ್ಡ ಬೀಜಗಳ ಸಂತತಿ ಸರಾಸರಿಗಿಂತ ದೊಡ್ಡದಾಗಿಯೇ ಇದ್ದರೂ ತಾಯಿಬೀಜಗಳಷ್ಟು ದೊಡ್ಡದಾಗಿರಲಿಲ್ಲ. ಸಣ್ಣ ಬೀಜಗಳ ಸಂತತಿಯೂ ಹಾಗೆಯೇ ಸರಾಸರಿಯ ಕಡೆಗೆ ಸರಿದಿತ್ತು. ಇದನ್ನು ಅವನು 1877ರಲ್ಲಿ ಪ್ರಕಟಪಡಿಸಿದನು. ಅನಂತರ 205 ದಂಪತಿಗಳ ಮತ್ತು ಅವರ ಬೆಳೆದ 928 ಮಕ್ಕಳ ಎತ್ತರಗಳನ್ನು ಕಲೆಹಾಕಿ, ಹೆಂಗಸರ ಎತ್ತರವನ್ನು 1.08ರಿಂದ ಗುಣಿಸಿ ಗಂಡಸರ ಮಟ್ಟಕ್ಕೆ ತಂದು, ತಂದೆತಾಯಿಗಳ ಸರಾಸರಿಯೊಡನೆ ಹೋಲಿಸಿದನು. ತಂದೆತಾಯಿಗಳು ಸಾಮಾನ್ಯ ಮಟ್ಟದಿಂದ ಮೂರು ಅಂಗುಲ ದೂರವಿದ್ದರೆ ಮಕ್ಕಳು ಸರಾಸರಿಯಲ್ಲಿ ಎರಡು ಅಂಗುಲ ಮಾತ್ರ ದೂರವಿದ್ದರು. ಹೀಗೆ ನಡುಮಟ್ಟದ ಕಡೆಗೆ ಹಿಂದಿರುಗುವುದಕ್ಕೆ ಅವನು ಕೊಟ್ಟ ಹೆಸರೇ ಇಂದು ನಾವು ‘ಹಿಂಚಲನೆ’ ಎಂದು ಕರೆಯುವ ಪಾರಿಭಾಷಿಕ ಶಬ್ದಕ್ಕೆ ಮೂಲ. ಈ ಕೋಷ್ಟಕದ ಗಣಿತವನ್ನು ಬಿಡಿಸಿಕೊಟ್ಟವನು ಕೇಂಬ್ರಿಜ್ಜಿನ ಹ್ಯಾಮಿಲ್ಟನ್ ಡಿಕ್ಸನ್.

ಇಲ್ಲಿಯವರೆಗೆ ಹಿಂಚಲನೆಯು ಆನುವಂಶಿಕತೆಯ ಒಂದು ವಿಶೇಷ ನಿಯಮವೆಂದೇ ಗಾಲ್ಟನ್ನನ ಭಾವನೆಯಾಗಿತ್ತು. ಆ ಭಾವನೆಯನ್ನು ಕದಲಿಸಿದ್ದು ಮೊಳ. 1884ರಲ್ಲಿ ಲಂಡನ್ನಿನ ಆರೋಗ್ಯ ಪ್ರದರ್ಶನದಲ್ಲಿ ಅವನು ಒಂದು ಅಂಗಮಾಪನ ಶಾಲೆಯನ್ನು ತೆರೆದಿದ್ದನು. ಮೂರು ಪೆನ್ಸ್ ಕೊಟ್ಟು ಒಳಗೆ ಬಂದವರನ್ನು ಅಳೆದು ಚೀಟಿ ಬರೆದುಕೊಡಲಾಗುತ್ತಿತ್ತು. ಪ್ರದರ್ಶನ ಮುಗಿಯುವುದರೊಳಗೆ 9,337 ಜನ ಅಳೆಯಿಸಿಕೊಂಡಿದ್ದರು. ಬಳಿಕ ಆ ಶಾಲೆ ಸೌತ್ ಕೆನ್ಸಿಂಗ್ಟನ್ನಿನಲ್ಲಿ ಮುಂದುವರಿಯಿತು. ಅಲ್ಲಿ ಅಳೆದ ಸುಮಾರು 350 ಮಂದಿ ವಯಸ್ಕ ಗಂಡಸರ ಅಂಕಿಗಳನ್ನು ಹಿಡಿದು ಅವನು 1888ರ ಡಿಸೆಂಬರ್ 20ರಂದು ರಾಯಲ್ ಸೊಸೈಟಿಯ ಮುಂದೆ ಒಂದು ಚಿಕ್ಕ ಪ್ರಬಂಧವನ್ನು ಮಂಡಿಸಿದನು. ಸಹಸಂಬಂಧದ ಚರಿತ್ರೆ ಆರಂಭವಾಗುವುದು ಅಲ್ಲಿಂದ.

ಪ್ರಬಂಧದ ಅಂಕಿಗಳು ಹೀಗಿವೆ. ಎತ್ತರದ ಮಧ್ಯಾಂಕ 67.2 ಅಂಗುಲ, ಎಡಗೈ ಮೊಳದ ಮಧ್ಯಾಂಕ 18.05 ಅಂಗುಲ. ಗುಂಪಿನಲ್ಲಿ ಅರ್ಧದಷ್ಟು ಜನ ಮಧ್ಯಾಂಕದ ಎರಡು ಪಕ್ಕಗಳಲ್ಲಿ ಎಷ್ಟರೊಳಗೆ ಬರುತ್ತಾರೋ ಆ ದೂರವನ್ನು ಗಾಲ್ಟನ್ನನು ಚೆದರಿಕೆಯ ಮಾನವಾಗಿ ಇಟ್ಟುಕೊಂಡನು. ಎತ್ತರಕ್ಕೆ ಆ ಮಾನ 1.75 ಅಂಗುಲ, ಮೊಳಕ್ಕೆ 0.56 ಅಂಗುಲ. ನಮ್ಮ ನೇಕಾರರ ಮೊಳ 18 ಅಂಗುಲಕ್ಕೆ ನಿಂತಿರುವುದೂ ಈ ಇಂಗ್ಲಿಷ್ ಮೊಳ 18.05 ಆಗಿರುವುದೂ ಒಂದಕ್ಕೊಂದು ಎಷ್ಟು ಸಮೀಪ! ಆದರೆ 67.2ನ್ನು 18.05ರಿಂದ ಭಾಗಿಸಿದರೆ ಬರುವುದು 3.72, ನಾಲ್ಕಲ್ಲ. ನಾಲ್ಕು ಮೊಳದ ದೇಹವೆಂಬ ಸೂತ್ರ ಸರಾಸರಿಯ ಮಟ್ಟದಲ್ಲಿಯೇ ಪೂರ್ಣವಾಗಿ ನಿಲ್ಲಲಿಲ್ಲವೆಂದಾಯಿತು.

ಇದಕ್ಕಿಂತ ಮುಖ್ಯವಾದುದು ಮುಂದಿನ ಹೆಜ್ಜೆ. ಎತ್ತರದ ಅಂಗುಲವನ್ನೂ ಮೊಳದ ಅಂಗುಲವನ್ನೂ ನೇರವಾಗಿ ಹೋಲಿಸುವುದು ಸರಿಯಲ್ಲ, ಒಂದೊಂದನ್ನೂ ಅದರದರ ಚೆದರಿಕೆಯ ಮಾನದಿಂದ ಅಳೆಯಬೇಕು ಎಂದು ಗಾಲ್ಟನ್ನನಿಗೆ ಹೊಳೆಯಿತು. ಹಾಗೆ ಅಳೆದು ರೇಖಾಚಿತ್ರದಲ್ಲಿ ಬಿಂದುಗಳನ್ನು ಗುರುತಿಸಿದಾಗ, ಮೊಳವು ತನ್ನ ಮಾನದಿಂದ ಒಂದು ಪಾಲು ಸರಿದರೆ ಎತ್ತರವು ತನ್ನ ಮಾನದಿಂದ ಸರಾಸರಿ 0.8 ಪಾಲು ಸರಿಯುತ್ತದೆ ಎಂದು ಕಂಡಿತು. ಎತ್ತರದಿಂದ ಹೊರಟು ಮೊಳವನ್ನು ನೋಡಿದರೂ ಅದೇ 0.8. ಎರಡು ದಿಕ್ಕುಗಳಲ್ಲಿಯೂ ಒಂದೇ ಆಗಿ ಬಂದ ಈ ಸಂಖ್ಯೆಯೇ ಸಹಸಂಬಂಧದ ಅಳತೆ. ಬಟಾಣಿ, ತಂದೆ, ಮಗ ಯಾವುದೂ ಇಲ್ಲದೆ, ಒಂದೇ ದೇಹದ ಎರಡು ಅಂಗಗಳಲ್ಲಿಯೂ ಹಿಂಚಲನೆ ಕಾಣಿಸಿದುದರಿಂದ ಅದು ಆನುವಂಶಿಕತೆಯ ಗುಟ್ಟಲ್ಲವೆಂದೂ, ಪೂರ್ಣವಲ್ಲದ ಯಾವ ಸಂಬಂಧದಲ್ಲಿಯೂ ತಪ್ಪದೆ ತೋರುವ ಲಕ್ಷಣವೆಂದೂ ಸಿದ್ಧವಾಯಿತು. ಮೊಳವು ಎತ್ತರಕ್ಕೆ ಕಾರಣವಲ್ಲ, ಎತ್ತರವು ಮೊಳಕ್ಕೆ ಕಾರಣವಲ್ಲ. ಎರಡನ್ನೂ ಬೆಳೆಸುವ ಕಾರಣಗಳಲ್ಲಿ ಒಂದಷ್ಟು ಸಮಾನವಾಗಿವೆ, ಒಂದಷ್ಟು ಬೇರೆಯಾಗಿವೆ.

4. ಹೋಗುವ ದಾರಿ, ಬರುವ ದಾರಿ

ಈ ಅಂಕಿಗಳಿಂದ ನಾವೇ ಲೆಕ್ಕ ಮಾಡಿ ನೋಡಿದರೆ ಅನುಪಾತಕ್ಕೂ ಹಿಂಚಲನೆಗೂ ಇರುವ ಅಂತರ ತಿಳಿಯುತ್ತದೆ. ಮೊಳದಿಂದ ಎತ್ತರವನ್ನು ಊಹಿಸುವ ಹಿಂಚಲನ ಗುಣಾಂಕವು 0.8ನ್ನು 1.75ರಿಂದ ಗುಣಿಸಿ 0.56ರಿಂದ ಭಾಗಿಸಿದರೆ ಬರುವ 2.5. ಎತ್ತರದಿಂದ ಮೊಳವನ್ನು ಊಹಿಸುವ ಗುಣಾಂಕ 0.8ನ್ನು 0.56ರಿಂದ ಗುಣಿಸಿ 1.75ರಿಂದ ಭಾಗಿಸಿದರೆ ಬರುವ ಸುಮಾರು 0.26.

ಒಬ್ಬನ ಮೊಳ 19.05 ಅಂಗುಲ, ಎಂದರೆ ಸಾಮಾನ್ಯಕ್ಕಿಂತ ಒಂದು ಅಂಗುಲ ಹೆಚ್ಚು ಎಂದಿಟ್ಟುಕೊಳ್ಳೋಣ. 3.72ರ ಅನುಪಾತವನ್ನೇ ನೆಚ್ಚಿದರೆ ಅವನ ಎತ್ತರ 70.9 ಅಂಗುಲವಾಗಬೇಕು. ಹಿಂಚಲನೆಯು ಹೇಳುವುದು 67.2ಕ್ಕೆ 2.5ನ್ನು ಕೂಡಿಸಿದ 69.7 ಅಂಗುಲವನ್ನು. ಮೊಳ ಒಂದು ಅಂಗುಲ ಕಡಿಮೆಯಾಗಿ 17.05 ಆಗಿದ್ದರೆ ಅನುಪಾತದಿಂದ 63.5, ಹಿಂಚಲನೆಯಿಂದ 64.7. ಅನುಪಾತದ ಸೂತ್ರವು ಉದ್ದ ಕೈಯವರನ್ನು ಇರುವುದಕ್ಕಿಂತ ಎತ್ತರವಾಗಿಯೂ, ಮೋಟು ಕೈಯವರನ್ನು ಇರುವುದಕ್ಕಿಂತ ಕುಳ್ಳಾಗಿಯೂ ತೋರಿಸುತ್ತದೆ. ನಡುಮಟ್ಟದವರಲ್ಲಿ ದೋಷ ಕಾಣುವುದಿಲ್ಲ, ಅಂಚಿನವರಲ್ಲಿ ಬೆಳೆಯುತ್ತದೆ.

ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಹೊರಟರೆ ಮತ್ತೊಂದು ಸಂಗತಿ ಎದುರಾಗುತ್ತದೆ. 69.7 ಅಂಗುಲ ಎತ್ತರದವನ ಮೊಳ ಎಷ್ಟು? ಮೇಲಿನ ಲೆಕ್ಕವನ್ನು ತಲೆಕೆಳಗು ಮಾಡಿ 19.05 ಎಂದು ಉತ್ತರಿಸುವುದು ಸುಲಭ, ಅದು ತಪ್ಪು. ಎತ್ತರವು 2.5 ಅಂಗುಲ ಹೆಚ್ಚಿದಾಗ ಮೊಳವು ಸರಾಸರಿ 0.64 ಅಂಗುಲ ಮಾತ್ರ ಹೆಚ್ಚುತ್ತದೆ. ಆದುದರಿಂದ ಉತ್ತರ 18.69. ಇಲ್ಲಿ ಅನುಪಾತದ ಸೂತ್ರವೂ 18.72 ಎಂದು ಹೆಚ್ಚುಕಡಿಮೆ ಸರಿಯಾಗಿಯೇ ಹೇಳುತ್ತದೆ. ಎತ್ತರದವಳ ಹತ್ತಿರ ಹೂವು ಕೊಳ್ಳಬೇಕೆಂಬ ಎಣಿಕೆ ಪೂರ್ಣವಾಗಿ ನಿರಾಧಾರವಲ್ಲ. ಆದರೆ ಈ ಗಣನೆಯ ಪ್ರಕಾರ ನಾಲ್ಕು ಅಂಗುಲ ಎತ್ತರಕ್ಕೆ ಮೊಳವೊಂದಕ್ಕೆ ಸಿಗುವ ಲಾಭ ಸರಾಸರಿ ಒಂದು ಅಂಗುಲ. ಒಂದು ದಿಕ್ಕಿನಲ್ಲಿ ಸರಿಹೋಗುವ ಸೂತ್ರ ತಿರುಗಿಸಿದೊಡನೆ ಕೆಡುತ್ತದೆಂಬುದೇ ಇಲ್ಲಿ ಕಲಿಯಬೇಕಾದ ಪಾಠ. ಮೊಳದಿಂದ ಆಳಿಗೆ ಹೋಗುವ ದಾರಿಯೂ ಆಳಿನಿಂದ ಮೊಳಕ್ಕೆ ಬರುವ ದಾರಿಯೂ ಒಂದೇ ಅಲ್ಲ. ಎರಡು ಗುಣಾಂಕಗಳನ್ನು ಗುಣಿಸಿದರೆ ಬರುವುದು 0.64, ಎಂದರೆ 0.8ರ ವರ್ಗ. ಸಂಬಂಧ ಪೂರ್ಣವಾಗಿ ಆ ಗುಣಲಬ್ಧ 1 ಆದರೆ ಮಾತ್ರ ಎರಡು ರೇಖೆಗಳು ಒಂದಾಗುತ್ತವೆ.

ಮೂರನೆಯದಾಗಿ, ಊಹೆ ಎಷ್ಟು ನಂಬತಕ್ಕದ್ದು ಎಂಬುದನ್ನು ಕೂಡ ಈ ವಿಧಾನವೇ ಹೇಳುತ್ತದೆ. ಮೊಳ ತಿಳಿಯದಿದ್ದಾಗ ಎತ್ತರವನ್ನು 67.2 ಎಂದು ಊಹಿಸಿದರೆ ಅರ್ಧ ಜನರಲ್ಲಿ ತಪ್ಪು 1.75 ಅಂಗುಲದೊಳಗೆ ಇರುತ್ತದೆ. ಮೊಳ ತಿಳಿದಮೇಲೆ ಆ ಮೇರೆ 1.05ಕ್ಕೆ ಇಳಿಯುತ್ತದೆ. ಮೊಣಕಾಲಿನ ಎತ್ತರಕ್ಕೂ ಮೈಯೆತ್ತರಕ್ಕೂ ಗಾಲ್ಟನ್ನನು ಕಂಡ ಸಹಸಂಬಂಧ 0.9, ಅದನ್ನು ಬಳಸಿದರೆ ಮೇರೆ 0.76. ತಲೆಯ ಉದ್ದಕ್ಕೂ ಎತ್ತರಕ್ಕೂ ಇರುವುದು 0.35 ಮಾತ್ರ, ಅದರಿಂದ ಮೇರೆ 1.64ಕ್ಕೆ ಇಳಿದು ಪ್ರಯೋಜನ ಇಲ್ಲವೆಂಬಷ್ಟು ಅಲ್ಪವಾಗುತ್ತದೆ. ಅನುಪಾತವು ಒಂದೇ ಉತ್ತರವನ್ನು ಕೊಟ್ಟು ಸುಮ್ಮನಾಗುತ್ತದೆ; ಹಿಂಚಲನೆಯು ಉತ್ತರದೊಡನೆ ಅದರ ಸಂಶಯವನ್ನೂ ಕೊಡುತ್ತದೆ.

ಗಾಲ್ಟನ್ನನು ಕಣ್ಣಳತೆಯಿಂದ ರೇಖೆಯನ್ನು ಎಳೆದು 0.8 ಎಂದು ಓದಿಕೊಂಡಿದ್ದನು. ವಿಚಲನೆಗಳ ಗುಣಲಬ್ಧಗಳನ್ನು ಕೂಡಿ ಗುಣಾಂಕವನ್ನು ಕಂಡುಹಿಡಿಯುವ, ಇಂದು ನಮ್ಮ ಕಾಲೇಜುಗಳಲ್ಲಿ ಕಲಿಸುವ ಸೂತ್ರವನ್ನು ಕಾರ್ಲ್ ಪಿಯರ್ಸನ್ನನು 1896ರಲ್ಲಿ ಸ್ಥಾಪಿಸಿದನು. ಹಿಂಚಲನ ರೇಖೆಯನ್ನು ಕನಿಷ್ಠ ವರ್ಗಗಳ ವಿಧಾನದೊಡನೆ 1897ರಲ್ಲಿ ಜೋಡಿಸಿದವನು ಯೂಲ್. 1903ರಲ್ಲಿ ಪಿಯರ್ಸನ್ನನೂ ಆಲಿಸ್ ಲೀಯೂ ತಂದೆಮಕ್ಕಳ ಎತ್ತರ, ಚಾಚಿದ ತೋಳುಗಳ ಅಗಲ, ಮುಂಗೈಯುದ್ದ ಈ ಮೂರನ್ನೂ ವಿಸ್ತಾರವಾಗಿ ಪರಿಶೀಲಿಸಿದರು.

5. ಸೆರೆಮನೆಯ ಚೀಟಿ ಮತ್ತು ಜಾತಿಯ ಪಟ್ಟಿ

ಇದೇ ಕಾಲದಲ್ಲಿ ಪ್ಯಾರಿಸ್ಸಿನ ಪೊಲೀಸ್ ಇಲಾಖೆಯಲ್ಲಿದ್ದ ಆಲ್ಫೋನ್ಸ್ ಬರ್ಟಿಲೋನನು ಅಪರಾಧಿಗಳನ್ನು ಗುರುತುಹಿಡಿಯಲು ದೇಹದ ಅಳತೆಗಳ ಒಂದು ಪದ್ಧತಿಯನ್ನು ನಡೆಸುತ್ತಿದ್ದನು. ಎತ್ತರ, ಮೊಳ, ನಡುಬೆರಳು, ಪಾದ ಮೊದಲಾದವುಗಳಲ್ಲಿ ಒಂದೊಂದನ್ನೂ ಸಣ್ಣ, ನಡುತರ, ದೊಡ್ಡ ಎಂದು ಮೂರು ಭಾಗ ಮಾಡಿ ಚೀಟಿಗಳನ್ನು ಗೂಡುಗಳಲ್ಲಿ ಇಡಲಾಗುತ್ತಿತ್ತು. ಮೂರು ಅಳತೆಗಳಿಗೆ 27 ಗೂಡುಗಳು. ಎಲ್ಲದರಲ್ಲಿಯೂ ಚೀಟಿಗಳು ಸಮನಾಗಿ ಹಂಚಿಹೋಗಬೇಕಾದರೆ ಅಳತೆಗಳು ಒಂದಕ್ಕೊಂದು ಸಂಬಂಧವಿಲ್ಲದೆ ಇರಬೇಕು. ಗಾಲ್ಟನ್ನನ ಕೋಷ್ಟಕದಲ್ಲಿಯಾದರೋ ಎತ್ತರಕ್ಕೂ ಮೊಳಕ್ಕೂ 0.8, ಎತ್ತರಕ್ಕೂ ನಡುಬೆರಳಿಗೂ 0.7, ಮೊಳಕ್ಕೂ ನಡುಬೆರಳಿಗೂ 0.85. ಎತ್ತರ ದೊಡ್ಡದು, ಮೊಳ ಸಣ್ಣದು, ಬೆರಳು ದೊಡ್ಡದು ಎಂಬ ಗೂಡು ಬಹುಮಟ್ಟಿಗೆ ಬರಿದಾಗಿರುತ್ತದೆ; ಮೂರೂ ದೊಡ್ಡದಾದ ಗೂಡು ತುಂಬಿ ತುಳುಕುತ್ತದೆ. ಒಬ್ಬನೇ ಸಾಕ್ಷಿ ಮೂರು ಹೆಸರಿನಲ್ಲಿ ಬಂದು ನಿಂತರೆ ಮೂವರು ಸಾಕ್ಷಿಗಳಾಗುವುದಿಲ್ಲ. ಈ ಆಕ್ಷೇಪವನ್ನು ಗಾಲ್ಟನ್ನನು 1888ರಲ್ಲಿಯೇ ಎತ್ತಿದ್ದನು. 1890ರ ದಶಕದಲ್ಲಿ ಬಂಗಾಳದ ಪೊಲೀಸರು ಈ ಪದ್ಧತಿಯನ್ನು ಕೆಲವು ವರ್ಷ ಬಳಸಿ, ಕಡೆಗೆ ಬೆರಳಚ್ಚಿನ ಕಡೆಗೆ ತಿರುಗಿದರು. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚಿನ ಕಚೇರಿ ಸ್ಥಾಪಿತವಾಯಿತು. ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಅವರು ಅದರ ವರ್ಗೀಕರಣಕ್ಕಾಗಿ ದುಡಿದವರು.

ಇದಕ್ಕಿಂತ ಆಳವಾದ ಗಾಯವನ್ನು ಮಾಡಿದ್ದು ಜಾತಿಗಳ ಅಂಗಮಾಪನ. ಹರ್ಬರ್ಟ್ ರಿಸ್ಲೀ ಎಂಬ ಅಧಿಕಾರಿಯು 1891ರಲ್ಲಿ ಬಂಗಾಳದ ಬುಡಕಟ್ಟುಗಳನ್ನೂ ಜಾತಿಗಳನ್ನೂ ಕುರಿತು ಪ್ರಕಟಿಸಿದ ಸಂಪುಟಗಳಲ್ಲಿ ಮೂಗಿನ ಅಗಲವನ್ನು ಉದ್ದದಿಂದ ಭಾಗಿಸಿ ಒಂದು ಸೂಚ್ಯಂಕವನ್ನು ಮಾಡಿ, ಅದಕ್ಕೂ ಜಾತಿಯ ಸಾಮಾಜಿಕ ಸ್ಥಾನಕ್ಕೂ ಸಂಬಂಧವಿದೆಯೆಂದು ಸಾರಿದನು. ಇಲ್ಲಿಯೂ ಇರುವುದು ದೇಹದ ಎರಡು ಅಳತೆಗಳ ಅನುಪಾತವೇ. ಗುಂಪುಗಳ ಸರಾಸರಿಗಳನ್ನು ಮಾತ್ರ ಸಾಲಾಗಿ ನಿಲ್ಲಿಸಿದ್ದರಿಂದ, ಒಂದೊಂದು ಗುಂಪಿನೊಳಗೆ ಇದ್ದ ಚೆದರಿಕೆ ಮರೆಯಾಯಿತು. 1901ರ ಜನಗಣತಿಯ ಕಮಿಷನರನಾಗಿ ರಿಸ್ಲೀ ಜಾತಿಗಳನ್ನು ಶ್ರೇಣಿಯಲ್ಲಿ ಕೂರಿಸಲು ಹೊರಟಾಗ ದೇಶದ ಉದ್ದಕ್ಕೂ ಮನಸ್ತಾಪಗಳುಂಟಾದವು. ನಮ್ಮ ನಾಡಿನ ಬಳ್ಳಾರಿ, ದಕ್ಷಿಣ ಕನ್ನಡಗಳು ಆಗ ಮದರಾಸು ಆಧಿಪತ್ಯಕ್ಕೆ ಸೇರಿದ್ದವು. ಅಲ್ಲಿ ಎಡ್ಗರ್ ಥರ್ಸ್ಟನ್ನನು ಇಂಥದೇ ಅಳತೆಗಳನ್ನು ತೆಗೆದು 1909ರಲ್ಲಿ ಏಳು ಸಂಪುಟಗಳನ್ನು ಹೊರತಂದನು. ಮೈಸೂರು ಸಂಸ್ಥಾನದಲ್ಲಿ ಎಚ್. ವಿ. ನಂಜುಂಡಯ್ಯನವರು ಆರಂಭಿಸಿದ ಜನಾಂಗ ಪರಿಶೀಲನೆಯನ್ನು ಎಲ್. ಕೆ. ಅನಂತಕೃಷ್ಣ ಅಯ್ಯರ್ ಅವರು ಮುಂದುವರಿಸಿದರು. ಅದರ ನಾಲ್ಕು ಸಂಪುಟಗಳು 1928ರಿಂದ 1935ರೊಳಗೆ ಪ್ರಕಟವಾದವು. ಗಾಲ್ಟನ್ನನೂ ಪಿಯರ್ಸನ್ನನೂ ಈ ದೋಷದಿಂದ ಹೊರತಾದವರಲ್ಲ. ಮನುಷ್ಯರ ತಳಿಯನ್ನು ಆರಿಸಿ ಬೆಳೆಸಬೇಕೆಂಬ ಸುಜನನವಾದಕ್ಕೆ 1883ರಲ್ಲಿ ಹೆಸರಿಟ್ಟವನು ಗಾಲ್ಟನ್. ಅವನ ಹೆಸರಿನ ಪೀಠವನ್ನು ಅಲಂಕರಿಸಿದವನು ಪಿಯರ್ಸನ್. ಉಪಕರಣ ಒಳ್ಳೆಯದಾದ ಮಾತ್ರಕ್ಕೆ ಅದನ್ನು ಮಾಡಿದವರ ಉದ್ದೇಶವೆಲ್ಲ ಒಳ್ಳೆಯದಾಗುವುದಿಲ್ಲ.

6. ಭಾರತದ ಕಾಣಿಕೆ

ಆ ಉಪಕರಣವನ್ನು ಅದರ ದುರುಪಯೋಗದ ವಿರುದ್ಧವೇ ತಿರುಗಿಸಿದ ಕೀರ್ತಿ ಭಾರತೀಯರಿಗೆ ಸಲ್ಲಬೇಕು. ಭೌತವಿಜ್ಞಾನದ ಅಧ್ಯಾಪಕರಾಗಿದ್ದ ಪ್ರಶಾಂತಚಂದ್ರ ಮಹಾಲನೋಬಿಸ್ ಅವರಿಗೆ 1920ರ ನಾಗಪುರದ ವಿಜ್ಞಾನ ಸಮ್ಮೇಳನದಲ್ಲಿ ನೆಲ್ಸನ್ ಅನಂಡೇಲನ ಭೇಟಿಯಾಯಿತು. ಕಲ್ಕತ್ತೆಯ ಇನ್ನೂರು ಮಂದಿ ಆಂಗ್ಲೋ ಇಂಡಿಯನ್ನರ ಅಳತೆಗಳನ್ನು ಅವನು ಇವರಿಗೆ ಒಪ್ಪಿಸಿದನು. 1922ರಲ್ಲಿ ಪ್ರಕಟವಾದ ಇವರ ಮೊದಲ ಸಂಖ್ಯಾಶಾಸ್ತ್ರ ಪ್ರಬಂಧವು ಅವರ ಎತ್ತರವನ್ನೇ ಕುರಿತದ್ದು. 1931ರ ಡಿಸೆಂಬರ್ 17ರಂದು ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಹುಟ್ಟಿತು. 1933ರಲ್ಲಿ ಅದರ ಪತ್ರಿಕೆಯಾದ ‘ಸಂಖ್ಯಾ’ ಆರಂಭವಾಯಿತು. ಮೊದಲ ಸಂಪುಟದಲ್ಲಿಯೇ ಮಹಾಲನೋಬಿಸ್ ಅವರು ರಿಸ್ಲೀಯ ಅಂಕಿಗಳನ್ನು ಮರುಪರಿಶೀಲಿಸಿ ತಿದ್ದಿದರು. 1936ರಲ್ಲಿ ಅವರು ಮಂಡಿಸಿದ ವ್ಯಾಪಕ ದೂರದ ಕಲ್ಪನೆಯ ತಿರುಳು ನಮ್ಮ ವಿಷಯಕ್ಕೆ ನೇರವಾಗಿ ಸೇರಿದ್ದು: ಎರಡು ಗುಂಪುಗಳ ಅಂತರವನ್ನು ಹಲವು ಅಳತೆಗಳಿಂದ ಎಣಿಸುವಾಗ ಆ ಅಳತೆಗಳ ಪರಸ್ಪರ ಸಹಸಂಬಂಧವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಎತ್ತರದಲ್ಲಿಯೂ ಮೊಳದಲ್ಲಿಯೂ ಕಾಣುವ ವ್ಯತ್ಯಾಸವನ್ನು ಎರಡು ಬೇರೆ ಬೇರೆ ವ್ಯತ್ಯಾಸಗಳೆಂದು ಕೂಡಿಸುವ ತಪ್ಪಿಗೆ ಇಲ್ಲಿ ಎಡೆಯಿಲ್ಲ.

ಈ ಕೆಲಸವನ್ನು ಮುಂದುವರಿಸಿದವರಲ್ಲಿ ಅಗ್ರಗಣ್ಯರು ನಮ್ಮ ನಾಡಿನ ಹೂವಿನ ಹಡಗಲಿಯಲ್ಲಿ 1920ರ ಸೆಪ್ಟೆಂಬರ್ 10ರಂದು ಜನಿಸಿದ ಸಿ. ಆರ್. ರಾವ್ ಅವರು. 1941ರಲ್ಲಿ ಸಂಸ್ಥೆಯನ್ನು ಸೇರಿದ ಅವರು, ಅದೇ ವರ್ಷ ಡಿ. ಎನ್. ಮಜುಂದಾರ್ ಅವರು ಸಂಯುಕ್ತ ಪ್ರಾಂತದಲ್ಲಿ ತೆಗೆದ ಅಳತೆಗಳ ವಿಶ್ಲೇಷಣೆಯಲ್ಲಿ ಪಾಲುಗೊಂಡರು. ಮೂವರ ಹೆಸರಿನ ಆ ದೀರ್ಘ ವರದಿ 1949ರಲ್ಲಿ ಹೊರಬಂದಿತು. 1946ರಲ್ಲಿ ಅವರು ಕೇಂಬ್ರಿಜ್ಜಿಗೆ ಹೋದದ್ದು ಸೂಡಾನಿನ ಜೆಬೆಲ್ ಮೋಯಾದಲ್ಲಿ ದೊರೆತ ಪ್ರಾಚೀನ ಅಸ್ಥಿಗಳ ಅಳತೆಗಳನ್ನು ವಿಶ್ಲೇಷಿಸುವುದಕ್ಕಾಗಿ. 1948ರ ಅವರ ಪ್ರಸಿದ್ಧ ಪ್ರಬಂಧವು ಬಹುಮಾಪನಗಳಿಂದ ವರ್ಗೀಕರಣ ಮಾಡುವ ಪ್ರಶ್ನೆಯನ್ನು ಬಿಡಿಸುತ್ತ, ಒಬ್ಬ ವ್ಯಕ್ತಿಯನ್ನು ಒಂದು ಗುಂಪಿಗೆ ಸೇರಿಸುವಾಗ ತಪ್ಪಾಗುವ ಸಂಭವ ಎಷ್ಟೆಂಬುದನ್ನು ಮುಂದಿಟ್ಟಿತು. ಸರಾಸರಿಯನ್ನು ನೋಡಿ ವ್ಯಕ್ತಿಯನ್ನು ತೀರ್ಮಾನಿಸುತ್ತಿದ್ದ ಹಳೆಯ ದರ್ಪಕ್ಕೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ. 2023ರಲ್ಲಿ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪಾರಿತೋಷಕ ಅವರಿಗೆ ಸಂದಿತು. ಅದೇ ವರ್ಷ ಆಗಸ್ಟ್ 22ರಂದು ಅವರು ನಿಧನರಾದರು.

7. ಒಂದು ನಾಡಿನ ಸೂತ್ರ, ಇನ್ನೊಂದು ನಾಡಿನ ದೇಹ

ಎಲುಬಿನಿಂದ ಎತ್ತರವನ್ನು ಕಂಡುಹಿಡಿಯುವ ವಿದ್ಯೆಯೂ ಹಿಂಚಲನೆಯಿಂದಲೇ ಬೆಳೆಯಿತು. 1899ರಲ್ಲಿ ಪಿಯರ್ಸನ್ನನು, ರೊಲೆಯೆಂಬ ವೈದ್ಯನು ಲಿಯಾನ್ ನಗರದಲ್ಲಿ ಅಳೆದಿದ್ದ 50 ಗಂಡಸರ ಮತ್ತು 50 ಹೆಂಗಸರ ಶವಗಳ ಅಂಕಿಗಳಿಂದ ಸಮೀಕರಣಗಳನ್ನು ಮಾಡಿದನು. ಗಂಡಸಿನ ತೊಡೆಯೆಲುಬಿಗೆ ಅವನು ಕೊಟ್ಟದ್ದು: ಉದ್ದವನ್ನು 1.880ರಿಂದ ಗುಣಿಸಿ 81.306 ಸೆಂಟಿಮೀಟರನ್ನು ಕೂಡಿಸುವುದು. ನೂರು ಜನ ಫ್ರೆಂಚರಿಂದ ಹುಟ್ಟಿದ ಸೂತ್ರಗಳನ್ನು ಪ್ರಾಚೀನ ಜನಾಂಗಗಳಿಗೆಲ್ಲ ಅನ್ವಯಿಸಬೇಕಾಗಿ ಬಂದಾಗ ಎಚ್ಚರಿಕೆ ಬೇಕೆಂಬುದನ್ನು ಪಿಯರ್ಸನ್ನನು ತಾನೇ ಬಲ್ಲವನಾಗಿದ್ದನು. 1952ರಲ್ಲಿ ಟ್ರಾಟರ್ ಮತ್ತು ಗ್ಲೆಸರ್ ಎಂಬ ವಿದ್ವಾಂಸರು ಅಮೆರಿಕದಲ್ಲಿ ಬಿಳಿಯರಿಗೂ ಕರಿಯರಿಗೂ ಬೇರೆ ಬೇರೆ ಸಮೀಕರಣಗಳನ್ನು ಪ್ರಕಟಿಸಿದರು. ತೊಡೆಯೆಲುಬು 45 ಸೆಂಟಿಮೀಟರ್ ಇದ್ದರೆ ಮೊದಲನೆಯದರಿಂದ ಎತ್ತರ 168.5, ಎರಡನೆಯದರಿಂದ 165.3. ಎಲುಬು ಒಂದೇ, ಸೂತ್ರವನ್ನು ಎರವಲು ತಂದ ಸಮುದಾಯ ಬದಲಾದರೆ ಉತ್ತರ ಮೂರು ಸೆಂಟಿಮೀಟರಿಗಿಂತ ಹೆಚ್ಚಾಗಿ ಬದಲಾಗುತ್ತದೆ. ಇಂಥ ಅಂತರಕ್ಕೆ ಜನಾಂಗವೊಂದೇ ಕಾರಣವೆಂದು ಎಣಿಸಬಾರದು. ಊಟ, ಕಾಯಿಲೆ, ಕಾಲ ಇವೆಲ್ಲ ದೇಹದ ಪ್ರಮಾಣಗಳನ್ನು ತಿದ್ದುತ್ತವೆ.

ಇದು ಬರಿಯ ಶವಪರೀಕ್ಷೆಯ ಪ್ರಶ್ನೆಯಲ್ಲ. ತೂಬಗೆರೆಯಂಥ ಯಾವ ಊರಿನಲ್ಲಿಯಾದರೂ ಬೆನ್ನು ಬಾಗಿದ ವೃದ್ಧೆಯೊಬ್ಬಳು ಆಸ್ಪತ್ರೆಗೆ ಬಂದರೆ ಅವಳ ಎತ್ತರವನ್ನು ನೆಟ್ಟಗೆ ನಿಲ್ಲಿಸಿ ಅಳೆಯಲಾಗುವುದಿಲ್ಲ. ಎತ್ತರ ತಿಳಿಯದೆ ಅವಳ ತೂಕ ತಕ್ಕಷ್ಟಿದೆಯೇ, ಉಸಿರಿನ ಶಕ್ತಿ ತಕ್ಕಷ್ಟಿದೆಯೇ ಎಂದು ಹೇಳುವುದು ಕಷ್ಟ. ವಯಸ್ಸಿನಿಂದ ಬೆನ್ನು ಕುಗ್ಗಿದರೂ ಮೊಣಕಾಲಿನ ಎತ್ತರ ಕುಗ್ಗುವುದಿಲ್ಲವಾದ್ದರಿಂದ, ಗಾಲ್ಟನ್ನನು ಕಂಡ 0.9ರ ಆ ಸಂಬಂಧವೇ ವೈದ್ಯರಿಗೆ ಇಂದು ಒದಗಿ ಬರುತ್ತದೆ. ಚಮ್ಲೀ ಮತ್ತು ಅವನ ಸಹೋದ್ಯೋಗಿಗಳು 1985ರಲ್ಲಿ ಪ್ರಕಟಿಸಿದ ಸಮೀಕರಣದಲ್ಲಿ ಹೆಂಗಸರಿಗೆ ಮೊಣಕಾಲಿನ ಎತ್ತರವನ್ನು 1.83ರಿಂದ ಗುಣಿಸಿ, 84.88ನ್ನು ಕೂಡಿಸಿ, ವಯಸ್ಸಿನ ವರ್ಷವೊಂದಕ್ಕೆ 0.24ನ್ನು ಕಳೆಯಬೇಕು. ಆದರೆ ಇದೂ ಅಮೆರಿಕದ ವೃದ್ಧರನ್ನು ಅಳೆದು ಮಾಡಿದ್ದು. ಅವರ ಕಾಲಿಗೂ ಮೈಗೂ ಇರುವ ಸಂಬಂಧವೇ ನಮ್ಮ ಹಳ್ಳಿಯ ವೃದ್ಧೆಯಲ್ಲಿಯೂ ಇರಬೇಕೆಂಬ ನಿಯಮವಿಲ್ಲ. ಎರವಲು ಸೂತ್ರದಿಂದ ಅವಳನ್ನು ಬಲಹೀನಳೆಂದೋ ಆರೋಗ್ಯವಂತಳೆಂದೋ ಬರೆದಿಡುವ ಮೊದಲು, ಆ ಸೂತ್ರವನ್ನು ನಮ್ಮವರ ಮೇಲೆಯೇ ಪರೀಕ್ಷಿಸಿ ನೋಡಬೇಕಾದುದು ನ್ಯಾಯ.

8. ಉಪಸಂಹಾರ

ಈ ಪರೀಕ್ಷೆಗೆ ದೊಡ್ಡ ಉಪಕರಣಗಳು ಬೇಕಾಗಿಲ್ಲವೆಂಬುದನ್ನು ಅಧ್ಯಾಪಕರ ಗಮನಕ್ಕೆ ತರಬಯಸುತ್ತೇವೆ. ಲೆಕ್ಕದ ಕ್ರಮವನ್ನು ತೋರಿಸುವುದಕ್ಕಾಗಿ ಮಾತ್ರ ಐದು ಜನರ ಅಂಕಿಗಳನ್ನು ಕಲ್ಪಿಸಿಕೊಳ್ಳೋಣ. ಮೊಳಗಳು 43, 44, 45, 46, 47 ಸೆಂಟಿಮೀಟರ್. ಎತ್ತರಗಳು ಅನುಕ್ರಮವಾಗಿ 160, 164, 163, 170, 168. ಸರಾಸರಿಗಳು 45 ಮತ್ತು 165. ಮೊಳದ ವಿಚಲನೆಗಳ ವರ್ಗಗಳ ಮೊತ್ತ 10. ಎತ್ತರದ ವಿಚಲನೆಗಳ ವರ್ಗಗಳ ಮೊತ್ತ 64. ಜೋಡಿ ವಿಚಲನೆಗಳ ಗುಣಲಬ್ಧಗಳ ಮೊತ್ತ 22. ಮೊಳದಿಂದ ಎತ್ತರಕ್ಕೆ ಹಿಂಚಲನ ಗುಣಾಂಕ 2.2, ಎತ್ತರದಿಂದ ಮೊಳಕ್ಕೆ 0.34, ಸಹಸಂಬಂಧ 22ನ್ನು 640ರ ವರ್ಗಮೂಲದಿಂದ ಭಾಗಿಸಿದ 0.87. ಕರಿಹಲಗೆಯ ಮೇಲೆ ಕಾಲು ಗಂಟೆಯಲ್ಲಿ ಮುಗಿಯುವ ಕೆಲಸ. ಐವರ ಬದಲು ತರಗತಿಯ ಐವತ್ತು ವಿದ್ಯಾರ್ಥಿಗಳನ್ನು ಅವರ ಒಪ್ಪಿಗೆಯಿಂದ ಅಳೆದರೆ ಲೆಕ್ಕ ಉದ್ದವಾಗುತ್ತದೆಯೇ ಹೊರತು ವಿಧಾನ ಬದಲಾಗುವುದಿಲ್ಲ.

ಆದರೆ ಕೆಲವು ನಿಯಮಗಳನ್ನು ಬಿಡಬಾರದು. ಗಂಡುಹೆಣ್ಣುಗಳನ್ನು ಬೇರೆಬೇರೆಯಾಗಿ ಎಣಿಸಬೇಕು. ಇಬ್ಬರನ್ನೂ ಬೆರೆಸಿದರೆ ಸಹಸಂಬಂಧ ಸುಳ್ಳಾಗಿ ಹಿಗ್ಗುತ್ತದೆ. ಪಾದರಕ್ಷೆಯನ್ನು ಕಳಚಿಸಿ, ಒಂದೇ ಕೈಯನ್ನು, ಒಬ್ಬನೇ ಎರಡು ಸಲ ಅಳೆಯಬೇಕು. ಬಿಂದುಚಿತ್ರವನ್ನು ಬರೆಯದೆ ಗುಣಾಂಕವನ್ನು ನಂಬಬಾರದು. ಅಳೆದ ಮೇರೆಯ ಹೊರಗೆ ರೇಖೆಯನ್ನು ಎಳೆದುಕೊಂಡು ಹೋಗಬಾರದು. ಎಲ್ಲಕ್ಕಿಂತ ಮಿಗಿಲಾಗಿ, ಬಂದ ಅಂಕಿಯಿಂದ ಯಾರನ್ನೂ ಮೇಲು ಕೀಳೆಂದು ಸಾಲಿನಲ್ಲಿ ನಿಲ್ಲಿಸಬಾರದು.

ವರಾಹಮಿಹಿರನು ಮೂರು ಬಗೆಯ ಮನುಷ್ಯರನ್ನು ಕಂಡನು. ರಿಸ್ಲೀಯು ಜಾತಿಗಳ ಶ್ರೇಣಿಯನ್ನು ಕಂಡನು. ಬರ್ಟಿಲೋನನು ಗೂಡುಗಳನ್ನು ಕಂಡನು. ವ್ಯತ್ಯಾಸವನ್ನು ದೋಷವೆಂದೆಣಿಸದೆ ಅದನ್ನೇ ಅಳೆದಾಗ ಸಂಖ್ಯಾಶಾಸ್ತ್ರವು ನಿಜವಾದ ಶಾಸ್ತ್ರವಾಯಿತು. ಘಾಟಿಯ ಜಾತ್ರೆಯಲ್ಲಿ ಹೂವಾಡಗಿತ್ತಿಯು ಅಳೆದುಕೊಡುವ ಮೊಳ ಅವಳದೇ ಮೊಳ. ಅದರಿಂದ ಅವಳ ಎತ್ತರವನ್ನು ಒಂದು ಮೇರೆಯೊಳಗೆ ಊಹಿಸಬಹುದು, ಗೊತ್ತುಮಾಡಲಾಗದು. ಆ ಮೇರೆಯನ್ನು ಪ್ರಾಮಾಣಿಕವಾಗಿ ಹೇಳುವುದನ್ನು ನಮ್ಮ ವಿದ್ಯಾರ್ಥಿಗಳು ಕಲಿತರೆ ಸಹಸಂಬಂಧದ ಪಾಠ ಸಾರ್ಥಕವಾಯಿತೆಂದು ನಾವು ಭಾವಿಸುತ್ತೇವೆ.